ಪ್ರತಿಕ್ರಿಯೆ: ಸಾರಾಟೋಗಾ ಗೆಲ್ದಿದ್ರೆ ಫ್ರಾನ್ಸ್ ಬರ್ತಿತ್ತಾ?

ಸರ್, ನೀವು ಕೇಳಿದ್ದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಮೇಲಿನ ಸಾರಾಟೋಗಾ ಗೆಲುವಿಲ್ದೆ, ಬರೀ ಅಮೆರಿಕದ ದೂತ ಬೆಂಜಮಿನ್ ಫ್ರಾಂಕ್ಲಿನ್ ಮಾತಿಗೇ ಫ್ರಾನ್ಸ್ ಅಮೆರಿಕದ ಕಡೆ ಬರ್ತಿತ್ತಾ ಅಂತ. ನನ್ ಪ್ರಕಾರ ಅಷ್ಟು ಬೇಗ ಬರ್ತಿರ್ಲಿಲ್ಲ. ಕದ್ದುಮುಚ್ಚಿ ಮದ್ದುಗುಂಡು ಕಳ್ಸೋದು 1776ರಲ್ಲೇ ಶುರುವಾಗಿತ್ತು, ಆದ್ರೆ ಸೋಲೋ ಪಕ್ಷದ ಜೊತೆ ಬಹಿರಂಗವಾಗಿ ನಿಲ್ಲೋಕೆ ಯಾವ ರಾಜ ತಾನೇ ಒಪ್ತಾನೆ?

1777 ಡಿಸೆಂಬರ್ 4ಕ್ಕೆ ಫ್ರಾಂಕ್ಲಿನ್ ಇದ್ದ ಪ್ಯಾರಿಸ್ ಪಕ್ಕದ ಪಾಸಿ ಅನ್ನೋ ಊರಿಗೆ ಬಾಸ್ಟನ್ನಿಂದ ಆಸ್ಟಿನ್ ಅನ್ನೋ ಯುವಕ ಸುದ್ದಿ ತಂದ. ಅವನು ಗಾಡಿಯಿಂದ ಇಳಿಯೋಕ್ ಮುಂಚೆನೇ ಫ್ರಾಂಕ್ಲಿನ್ ಕೇಳಿದ್ದು ಫಿಲಡೆಲ್ಫಿಯಾ ಬ್ರಿಟಿಷರ ಕೈಗೆ ಹೋಯ್ತಾ ಅಂತ, ಅದು ಅವರದೇ ಊರು ನೋಡಿ. ಹೌದು ಹೋಯ್ತು, ಆದ್ರೆ ಬ್ರಿಟಿಷ್ ಜನರಲ್ ಬರ್ಗಾಯ್ನ್ ಇಡೀ ಸೈನ್ಯದ ಸಮೇತ ಸೆರೆಸಿಕ್ಕಿದಾನೆ ಅಂದ. ಅದೇ ಸಾರಾಟೋಗಾದ ಅಕ್ಟೋಬರ್ 17ರ ಶರಣಾಗತಿ, ಸಮುದ್ರ ದಾಟಿ ಬರೋಕೆ ಇಷ್ಟು ದಿನ ಹಿಡೀತು. ಎರಡೇ ತಿಂಗಳಲ್ಲಿ, 1778 ಫೆಬ್ರವರಿ 6ಕ್ಕೆ, ಫ್ರಾನ್ಸ್-ಅಮೆರಿಕ ಮೈತ್ರಿ ಒಪ್ಪಂದಕ್ಕೆ ಸಹಿ ಬಿತ್ತು. ಅಲ್ಲಿ ಫ್ರಾಂಕ್ಲಿನ್ ಚಾಣಾಕ್ಷತನ ನಿಜಕ್ಕೂ ದೊಡ್ಡದು, ಬ್ರಿಟಿಷರ ದೂತನ ಜೊತೆನೂ ಮಾತಾಡಿ ನಾವು ರಾಜಿ ಆಗಿಬಿಡಬಹುದು ಅನ್ನೋ ಭಯ ಫ್ರೆಂಚರಿಗೆ ಹುಟ್ಟಿಸಿದ್ರು.

ನನಗೆ ಸಂಕಟ ಆಗೋದು ಅವರ ಮಗನ ವಿಷಯ. ವಿಲಿಯಂ ನ್ಯೂಜೆರ್ಸಿಯ ಗವರ್ನರ್, ಬ್ರಿಟಿಷ್ ರಾಜನಿಗೇ ನಿಷ್ಠ, ಅಪ್ಪ ಪಾಸಿಯಲ್ಲಿ ಔತಣ ಉಣ್ಣೋವಾಗ ಮಗ ಕನೆಕ್ಟಿಕಟ್‌ನಲ್ಲಿ ಸೆರೆಯಲ್ಲಿದ್ದ, ಮೊಮ್ಮಗ ಮಾತ್ರ ತಾತನ ಜೊತೆ ಕಾರ್ಯದರ್ಶಿ. ಮುಂದೆ ಅಪ್ಪ ಮಗ ಮನಸಾರೆ ಒಂದಾಗ್ಲೇ ಇಲ್ಲ.

ಅಂದಹಾಗೆ ಈ ಒಪ್ಪಂದದ ಬಿಸಿ ನಮ್ ಮೈಸೂರಿಗೂ ತಟ್ತು: ಇದ್ರಿಂದ ಬ್ರಿಟನ್-ಫ್ರಾನ್ಸ್ ನಡುವೆ ಯುದ್ಧ ಶುರುವಾಗಿ, 1779ರಲ್ಲಿ ಬ್ರಿಟಿಷರು ಮಲಬಾರ್ ಕರಾವಳಿಯಲ್ಲಿದ್ದ ಫ್ರೆಂಚರ ಮಾಹೆ ಹಿಡಿದ್ರು, ಹೈದರಾಲಿ ಕೆರಳಿ ಮರುವರ್ಷನೇ ಯುದ್ಧಕ್ಕಿಳಿದ, ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಒಂದು ಯುದ್ಧನೌಕೆಗೆ ಅವನದೇ ಹೆಸರಿಟ್ಟಿದ್ರು.