ಬಹುರೂಪಿಗೆ ಐದು ಜನ, ಟಿಕೆಟ್ ಮೂರೇ

ಮೈಸೂರಿನ ರಂಗಾಯಣ ನಾಟಕ ಸಂಸ್ಥೆಯ ನಾಟಕೋತ್ಸವ ಬಹುರೂಪಿಗೆ ಕಳೆದ ಸಲ ಮಂಡ್ಯದಿಂದ ಐದು ಜನ ಬಂದರೂ ಹಾಸ್ಯ ನಾಟಕಕ್ಕೆ ಮೂರೇ ಟಿಕೆಟ್ ಸಿಕ್ಕಿತು, ಈ ಸಲ ಏನು ಮಾಡೋದು ಅಂತ ಕೇಳಿದ್ದೀರಿ. ಆ ನಾಟಕ ಭೂಮಿಗೀತದಲ್ಲಿ ಇತ್ತು ಅನಿಸುತ್ತದೆ. ರಂಗಾಯಣದ ಆ ಸಭಾಂಗಣ ಚಿಕ್ಕದು. ಶನಿವಾರ, ಭಾನುವಾರ ಬೇಗ ತುಂಬುತ್ತದೆ.

ಈ ಸಲ ನಾಟಕಗಳ ಪಟ್ಟಿ ಬಂದ ಕೂಡಲೇ ಯಾವುದು ಎಲ್ಲಿ ಅಂತ ನೋಡಿ. ಭೂಮಿಗೀತದ್ದನ್ನು ಮೊದಲು ತೆಗೆದುಕೊಳ್ಳಿ. ಮೈಸೂರಿನಲ್ಲಿರುವ ಗೆಳೆಯರೊಬ್ಬರನ್ನು ಮುಂಚೆಯೇ ಕೌಂಟರ್‌ಗೆ ಕಳಿಸಿದರೆ ಒಳ್ಳೆಯದು. ಸಂಜೆ ಹೋಗಿ ಸಾಲಿನಲ್ಲಿ ನಿಂತರೆ ಐದು ಟಿಕೆಟ್ ಒಟ್ಟಿಗೆ ಸಿಗುವುದು ಕಷ್ಟ. ಸಿಗದಿದ್ದರೆ ಕಲಾಮಂದಿರ ನೋಡಿ, ಅಲ್ಲಿ ಸೀಟು ಜಾಸ್ತಿ. ವನರಂಗ ಬಯಲು ರಂಗಮಂದಿರ. ಚಳಿಗಾಲವಾದರೆ ಸ್ವೆಟರ್ ಬೇಕೇ ಬೇಕು, ಹಲ್ಲು ಕಟಕಟ ಅನ್ನುತ್ತಿದ್ದರೆ ನಗೋಕಾಗಲ್ಲ. ಊಟ ನಾಟಕಕ್ಕೆ ಮುಂಚೆಯೇ ಮುಗಿಸಿ. 'ಸುಮ್ನೆ ಒಂದು ಟೀ' ಅಂತ ಹೊರಟವರು ಶುರುವಾದ ಮೇಲೇ ಬರೋದು!

ವಾಪಸ್ ಹೋಗಲು ರೈಲು ನಂಬಬೇಡಿ, ನಾಟಕ ಎಷ್ಟೊತ್ತಿಗೆ ಮುಗಿಯುತ್ತದೋ ಹೇಳಲಾಗದು. ಸಬ್‌ಅರ್ಬನ್ ಬಸ್ ನಿಲ್ದಾಣದಿಂದ ಬೆಂಗಳೂರು ಬಸ್ ರಾತ್ರಿಯೂ ಇರುತ್ತವೆ. ಆದರೆ ಹತ್ತುವ ಮೊದಲೇ 'ಮಂಡ್ಯ ಊರೊಳಗೆ ಹೋಗುತ್ತಾ?' ಅಂತ ಕಂಡಕ್ಟರ್ ಹತ್ತಿರ ಕೇಳಿ. ಕೆಲವು ಬಸ್ಸುಗಳು ಬೈಪಾಸ್‌ನಲ್ಲೇ ಹೋಗಿಬಿಡುತ್ತವೆ.