ಜಿರಳೆಯ ರಕ್ತ ಯಾಕೆ ಕೆಂಪಗಿಲ್ಲ?

ಜಿರಳೆಯ ರಕ್ತಕ್ಕೆ ಆಮ್ಲಜನಕ ಹೊರುವ ಕೆಲಸವೇ ಇಲ್ಲ, ಅದಕ್ಕೇ ಅದು ಕೆಂಪಗಿಲ್ಲ. ನಮ್ಮ ರಕ್ತಕ್ಕೆ ಕೆಂಪು ಬಣ್ಣ ಕೊಡುವುದು ಹಿಮೋಗ್ಲೋಬಿನ್, ಅಂದರೆ ಆಮ್ಲಜನಕವನ್ನು ಹಿಡಿದು ಸಾಗಿಸುವ, ಕಬ್ಬಿಣದ ಅಂಶ ಇರುವ ಪ್ರೋಟೀನ್. ಜಿರಳೆಗೆ ಅದು ಬೇಕಾಗಿಲ್ಲ. ಅದರ ಮೈಯ ಅಕ್ಕಪಕ್ಕದಲ್ಲಿ 10 ಜೊತೆ ಸಣ್ಣ ತೂತುಗಳಿವೆ. ಗಾಳಿ ಅಲ್ಲಿಂದ ಒಳಗೆ ಹೋಗಿ, ಕವಲೊಡೆಯುತ್ತಾ ಕೂದಲಿಗಿಂತ ಸಪೂರವಾಗುವ ನಳಿಗೆಗಳಲ್ಲಿ ನೇರವಾಗಿ ಜೀವಕೋಶಗಳ ಹತ್ತಿರಕ್ಕೇ ತಲುಪುತ್ತದೆ.

ನಮ್ಮ ಹಾಗೆ ರಕ್ತನಾಳಗಳ ಜಾಲವೂ ಇಲ್ಲ. ಬೆನ್ನುದ್ದಕ್ಕೂ ಒಂದು ಕೊಳವೆ, ಅದೇ ಹೃದಯ. ಅದು ರಕ್ತವನ್ನು ತಲೆಯ ಕಡೆಗೆ ತಳ್ಳುತ್ತದೆ. ಆಮೇಲೆ ರಕ್ತ ಅಂಗಗಳ ನಡುವೆ ಸುಮ್ನೆ ಹರಿದಾಡಿ ವಾಪಸ್ ಬರುತ್ತದೆ.

ಹಾಗಾದರೆ ಸೊಳ್ಳೆ ಹೊಡೆದಾಗ ಕೈಗೆ ಕೆಂಪು ಅಂಟುತ್ತದಲ್ಲ? ಅದು ಸೊಳ್ಳೆ ಕುಡಿದ ರಕ್ತ, ಬಹುಶಃ ನಿಮ್ಮದೇ!