ಲೋವರಿಂಗ್ ಸ್ಪ್ರಿಂಗ್ ಹಾಕಿಸುವವರ ಪ್ರಶ್ನೆಗಳು

ಪ್ರಶ್ನೆ: ನನ್ನದು 2016ರ ಹೋಂಡಾ ಸಿಟಿ, 74,000 ಕಿ.ಮೀ. ಓಡಿದೆ. ದಿನಾ ತುಮಕೂರಿನಿಂದ ಬೆಂಗಳೂರಿಗೆ ಹೋಗಿಬರುವ ಕಾರು. ಹೈವೇಯಲ್ಲಿ ಲೇನ್ ಬದಲಿಸುವಾಗ ತೂಗಾಡುವುದು ಕಡಿಮೆಯಾಗಲಿ, ನೋಡಲಿಕ್ಕೂ ಚೆನ್ನಾಗಿರಲಿ ಎಂದು 40 ಮಿ.ಮೀ. ತಗ್ಗಿಸುವ ಸ್ಪ್ರಿಂಗ್ ಹಾಕಿಸಬೇಕೆಂದಿದ್ದೇನೆ. ಶಾಕ್ ಅಬ್ಸಾರ್ಬರ್ ಲೀಕ್ ಇಲ್ಲ, ಹಳೆಯದೇ ಸಾಕು ಎನ್ನುತ್ತಾರೆ ಗ್ಯಾರೇಜಿನವರು. ಹಂಪ್‌ಗಳಲ್ಲಿ ತಳ ಬಡಿಯುತ್ತದೆಯೇ? ಕೆಲಸ ಸರಿಯಾಗಿ ಮಾಡಿದ್ದಾರೆಂದು ತಿಳಿಯುವುದು ಹೇಗೆ?
ಎಸ್.ಆರ್., ತುಮಕೂರು

ಉತ್ತರ: ದಿನಾ ಓಡುವ ಕಾರಿಗೆ 25ರಿಂದ 30 ಮಿ.ಮೀ. ಸಾಕು. 40 ಬೇಡ. ತಳ ಬಡಿಯುತ್ತದೆ ಎಂಬುದು ಎರಡನೇ ಕಾರಣ, ಸ್ಪ್ರಿಂಗಿಗೆ ಕುಗ್ಗಲು ಜಾಗವೇ ಉಳಿಯುವುದಿಲ್ಲ ಎಂಬುದು ಮೊದಲನೆಯದು.

ಲೆಕ್ಕಕ್ಕೆ ಹೀಗಿಟ್ಟುಕೊಳ್ಳಿ. ನಿಂತ ಕಾರಿನಲ್ಲಿ ಬಂಪ್ ಸ್ಟಾಪ್ (ಕುಗ್ಗುವುದನ್ನು ಕೊನೆಯಲ್ಲಿ ತಡೆಯುವ ರಬ್ಬರ್) ತಾಗುವ ಮೊದಲು ಸ್ಪ್ರಿಂಗ್ 80 ಮಿ.ಮೀ. ಕುಗ್ಗಬಲ್ಲದು, ಪ್ರತಿ ಮಿ.ಮೀ.ಗೆ 2 ಕೆ.ಜಿ. ಭಾರ ಬೇಕು. ಅಂದರೆ ಒಂದು ಚಕ್ರದ ಮೇಲೆ 160 ಕೆ.ಜಿ. ಹೆಚ್ಚುವರಿ ಹೊಡೆತವನ್ನು ಸ್ಪ್ರಿಂಗೇ ನುಂಗುತ್ತದೆ. 30 ಮಿ.ಮೀ. ತಗ್ಗಿಸಿ, ಸ್ಪ್ರಿಂಗನ್ನು ಕಾಲು ಭಾಗ ಗಟ್ಟಿ ಮಾಡಿದರೆ ಉಳಿದ 50 ಮಿ.ಮೀ.ನಲ್ಲಿ 125 ಕೆ.ಜಿ. 40 ಮಿ.ಮೀ. ತಗ್ಗಿಸಿದರೆ ಬರೀ 100 ಕೆ.ಜಿ. ಅದಕ್ಕಿಂತ ದೊಡ್ಡ ಗುಂಡಿ ಸಿಕ್ಕಿದಾಗಲೆಲ್ಲ ಬಂಪ್ ಸ್ಟಾಪ್ ಮೇಲೆ ಕುಟ್ಟುತ್ತದೆ. ‘ಲೋವರಿಂಗ್ ಹಾಕಿದ ಮೇಲೆ ಕಾರು ಗಟ್ಟಿಯಾಯಿತು’ ಎನ್ನುವವರಲ್ಲಿ ಅನೇಕರು ಕೂತಿರುವುದು ಸ್ಪ್ರಿಂಗ್ ಮೇಲಲ್ಲ, ಆ ರಬ್ಬರ್ ಮೇಲೆ.

ಇನ್ನು ಹಂಪ್. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾನದಂಡದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ, 17 ಮೀಟರ್ ತ್ರಿಜ್ಯದ ಕಮಾನಿನಂತಿರಬೇಕು. ನಿಮ್ಮ ಕಾರಿನ ವೀಲ್‌ಬೇಸ್, ಅಂದರೆ ಮುಂದಿನ ಹಿಂದಿನ ಚಕ್ರಗಳ ನಡುವಿನ ದೂರ, 2.6 ಮೀಟರ್. ನಾಲ್ಕೂ ಚಕ್ರ ಕಮಾನಿನ ಮೇಲೆ ನಿಂತಾಗ ನಡುವೆ ಹಂಪ್ ಮೇಲೇಳುವುದು ಸುಮಾರು 5 ಸೆಂ.ಮೀ. ಮಾತ್ರ. 165 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್‌ನಲ್ಲಿ 30 ಕಳೆದರೂ ಆರಾಮಾಗಿ ದಾಟುತ್ತದೆ. ತೊಂದರೆ ಇರುವುದು ಊರಿನವರೇ ರಾತ್ರೋರಾತ್ರಿ ಕಾಂಕ್ರೀಟ್ ಸುರಿದು ಮಾಡಿದ ಹಂಪ್‌ಗಳಲ್ಲಿ. ಅವು ಒಂದು ಮೀಟರೂ ಅಗಲವಿಲ್ಲದೆ 15 ಸೆಂ.ಮೀ. ಎದ್ದಿದ್ದರೆ ಮುಂದಿನ ಚಕ್ರ ಇಳಿದ ಮೇಲೆ ಆ 15 ಸೆಂ.ಮೀ. ಪೂರ್ತಿ ಹೊಟ್ಟೆಯ ಕೆಳಗೆ ಬರುತ್ತದೆ. 135 ಮಿ.ಮೀ. ಕಾರು ಅಲ್ಲಿ ತಾಗಲೇಬೇಕು. ಹೆದ್ದಾರಿ ಬಿಟ್ಟು ಮನೆ ಸೇರುವ ಕೊನೆಯ ರಸ್ತೆಯಲ್ಲಿ ಇಂಥವು ಎಷ್ಟಿವೆ, ಮೊದಲು ಒಂದು ಟೇಪ್ ಹಿಡಿದು ನೋಡಿ.

ಲೀಕ್ ಇಲ್ಲದ ಮಾತ್ರಕ್ಕೆ ಶಾಕ್ ಚೆನ್ನಾಗಿದೆ ಎಂದಲ್ಲ. ಒಳಗಿನ ವಾಲ್ವ್ ಸವೆದರೆ ಎಣ್ಣೆ ಹೊರಗೆ ಬರಬೇಕೆಂದೇನಿಲ್ಲ. ಸ್ಪ್ರಿಂಗ್ ಶೇ 25 ಗಟ್ಟಿಯಾದರೆ ಅದನ್ನು ಅಷ್ಟೇ ಹಿಡಿತದಲ್ಲಿಡಲು ಶಾಕ್‌ನ ತಡೆ ಸುಮಾರು ಶೇ 12 ಹೆಚ್ಚಿರಬೇಕು. 74,000 ಕಿ.ಮೀ. ಓಡಿದ ಶಾಕ್ ಹೊಸದರಲ್ಲಿದ್ದಷ್ಟನ್ನೂ ಕೊಡುವುದಿಲ್ಲ. ಆಗ ಹೈವೇಯ ಸೇತುವೆ ಜಾಯಿಂಟ್ ದಾಟಿದ ಮೇಲೆ ಕಾರು ಎರಡು ಮೂರು ಸಲ ಪುಟಿಯುತ್ತದೆ. ನೀವು ಕಡಿಮೆಯಾಗಲಿ ಎಂದ ತೂಗಾಟ ಬೇರೆ ರೂಪದಲ್ಲಿ ವಾಪಸ್ ಬರುತ್ತದೆ. ನಾಲ್ಕೂ ಶಾಕ್ ಹೊಸದು ಹಾಕಿಸಿ. ಹೇಗಿದ್ದರೂ ಬಿಚ್ಚುವ ಕೂಲಿ ಒಂದೇ. ಬಜೆಟ್ ಒಂದಕ್ಕೇ ಸಾಕಾಗುವುದಾದರೆ ಶಾಕ್ ಮಾತ್ರ ಬದಲಿಸಿ, ಹಳೇ ಸ್ಪ್ರಿಂಗ್ ಉಳಿಸಿಕೊಳ್ಳಿ. ತೂಗಾಟದಲ್ಲಿ ಬಹಳಷ್ಟು ಅದರಿಂದಲೇ ಹೋಗುತ್ತದೆ.

ಸ್ಪ್ರಿಂಗ್ ಸೆಟ್ ಜೊತೆ ಎರಡು ಸ್ಟ್ರಟ್ ಮೌಂಟ್ (ಮುಂದಿನ ಶಾಕ್, ಸ್ಪ್ರಿಂಗ್ ಒಂದಾಗಿರುವ ಸ್ಟ್ರಟ್ ಅನ್ನು ಮೇಲೆ ಹಿಡಿಯುವ ಭಾಗ), ಎರಡು ಬೇರಿಂಗ್, ನಾಲ್ಕು ಬಂಪ್ ಸ್ಟಾಪ್, ಧೂಳಿನ ಬೂಟ್, ಹಿಂದಿನ ಸ್ಪ್ರಿಂಗಿನ ಮೇಲಿನ ಕೆಳಗಿನ ರಬ್ಬರ್ ಸೀಟ್, ಹೊಸ ಲಾಕ್ ನಟ್‌ಗಳು, ಇಷ್ಟು ತಂದಿಟ್ಟುಕೊಂಡೇ ಕಾರು ಎತ್ತಿಸಿ. ಬಿಚ್ಚಿದ ಮೇಲೆ ‘ಮೌಂಟ್ ಹೋಗಿದೆ ಸಾರ್, ಸಿಗ್ತಿಲ್ಲ, ಹಳೇದೇ ಹಾಕ್ಲಾ?’ ಎಂದು ಸಂಜೆ ಫೋನ್ ಬರಬಾರದು. ಬಂಪ್ ಸ್ಟಾಪ್ ಎಷ್ಟು ಕತ್ತರಿಸಬೇಕೆಂದು ಸ್ಪ್ರಿಂಗ್ ತಯಾರಕರ ಹಾಳೆಯಲ್ಲಿ ಇದ್ದರೆ ಅಷ್ಟೇ ಕತ್ತರಿಸಬೇಕು. ಇಲ್ಲದಿದ್ದರೆ ಮುಟ್ಟಬಾರದು. ಪೂರ್ತಿ ತೆಗೆದುಹಾಕಿದರೆ ಪಿಸ್ಟನ್ ನೇರ ತಳದ ವಾಲ್ವ್‌ಗೆ ಹೊಡೆದು ಹೊಸ ಶಾಕ್ ಕೆಲವೇ ದಿನದಲ್ಲಿ ಸಾಯುತ್ತದೆ.

ಕೆಲಸಕ್ಕೆ ಮೊದಲು ಕಾರನ್ನು ಸಮನೆಲದಲ್ಲಿ ನಿಲ್ಲಿಸಿ, ನಾಲ್ಕೂ ಕಡೆ ಚಕ್ರದ ನಡುಬಿಂದುವಿನಿಂದ ಫೆಂಡರ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟೈರ್ ಗಾಳಿ ಹೆಚ್ಚುಕಮ್ಮಿಯಾಗಿ ಲೆಕ್ಕ ತಪ್ಪುತ್ತದೆ. ಮುಂದೆ ಬ್ರೇಕ್ ಹೋಸ್, ಎಬಿಎಸ್ ವೈರ್, ಲಿಂಕ್ ರಾಡ್ (ತೂಗಾಟ ತಡೆಯುವ ಸರಳನ್ನು ಸ್ಟ್ರಟ್‌ಗೆ ಜೋಡಿಸುವ ಕಡ್ಡಿ) ಬಿಡಿಸಿ, ಸ್ಟ್ರಟ್‌ನ ಕೆಳಗಿನ ಎರಡು ಬೋಲ್ಟ್‌ಗಳ ಜಾಗಕ್ಕೆ ಪೇಂಟ್ ಗುರುತು ಹಾಕಿ ಬಿಚ್ಚಬೇಕು. ನಕಲ್ (ಚಕ್ರವನ್ನು ಹೊತ್ತ ಲೋಹದ ಭಾಗ) ಹೊರಕ್ಕೆ ವಾಲಿ ಹೋಸ್ ಮೇಲೆ ನೇತಾಡದಂತೆ ತಂತಿಯಲ್ಲಿ ಕಟ್ಟಬೇಕು. ಸ್ಟ್ರಟ್ ಹೊರಬಂದ ಮೇಲೆ ಕಂಪ್ರೆಸರ್‌ನಲ್ಲಿ ಸ್ಪ್ರಿಂಗ್ ಒತ್ತಿ, ಅದು ಸೀಟಿನಲ್ಲಿ ಸಡಿಲವಾಗಿದೆ ಎಂದು ಕೈಯಿಂದ ಅಲುಗಾಡಿಸಿ ನೋಡಿದ ಮೇಲಷ್ಟೇ ನಡುವಿನ ನಟ್‌ಗೆ ಸ್ಪ್ಯಾನರ್ ಹಾಕಬೇಕು. ಮೊದಲೇ ಬಿಚ್ಚಿದರೆ ಮೌಂಟ್ ಮುಖಕ್ಕೆ ಹಾರುತ್ತದೆ. ಇದು ಅತಿಶಯೋಕ್ತಿಯಲ್ಲ, ಜೀವ ತೆಗೆಯುವ ಕೆಲಸ.

ವಾಪಸ್ ಕೂರಿಸುವಾಗ ಆ ನಟ್‌ಗೆ ಇಂಪ್ಯಾಕ್ಟ್ ಗನ್ ಹಿಡಿಯಲು ಬಿಡಬೇಡಿ. ಗನ್‌ಗೆ ರಾಡ್ ಸಮೇತ ಗರಗರ ತಿರುಗಿ ಸೀಲ್ ಹಾಳಾಗುತ್ತದೆ. ರಾಡನ್ನು ಅಲೆನ್ ಕೀಯಿಂದ ಹಿಡಿದು ಕೈಯಲ್ಲೇ ಬಿಗಿಯಬೇಕು. ಹಿಂಭಾಗ ಸುಲಭ. ಟಾರ್ಷನ್ ಬೀಮ್‌ನ (ಹಿಂದಿನ ಎರಡೂ ಚಕ್ರ ಜೋಡಿಸುವ ತೊಲೆ) ಎರಡೂ ಬದಿಗೆ ಜಾಕ್ ಕೊಟ್ಟು, ಶಾಕ್‌ಗಳ ಕೆಳಗಿನ ಬೋಲ್ಟ್ ತೆಗೆದು ಬೀಮ್ ನಿಧಾನ ಇಳಿಸಿದರೆ ಸ್ಪ್ರಿಂಗ್ ಕೈಗೆ ಬರುತ್ತದೆ, ಕಂಪ್ರೆಸರ್ ಬೇಕಿಲ್ಲ. ಹ್ಯಾಂಡ್‌ಬ್ರೇಕ್ ಕೇಬಲ್ ಮತ್ತು ಹೋಸ್ ಎಳೆಯುತ್ತಿದೆಯೇ ಎಂದು ಒಬ್ಬರು ನೋಡುತ್ತಿರಬೇಕು, ಅಷ್ಟೆ.

ಕೆಲಸ ನೆಟ್ಟಗಾಗಿದೆಯೇ ಎಂಬುದಕ್ಕೆ ನಮ್ಮ ಮುಖ್ಯ ಪರೀಕ್ಷೆ ಒಂದೇ: ಬುಷ್‌ಗಳ (ಕೀಲುಗಳಲ್ಲಿರುವ ರಬ್ಬರ್ ಕೊಳವೆ) ಬೋಲ್ಟನ್ನು ಯಾವಾಗ ಬಿಗಿದರು? ಲೋವರ್ ಆರ್ಮ್ (ಮುಂದಿನ ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು), ಹಿಂದಿನ ಬೀಮ್, ಶಾಕ್‌ನ ಕೆಳತುದಿ, ಇವುಗಳ ರಬ್ಬರ್ ಬುಷ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಚಕ್ರ ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ಕಾರು ಇಳಿಸಿದ ಕ್ಷಣದಿಂದ ರಬ್ಬರ್ ತಿರುಚಿಕೊಂಡೇ ಇರುತ್ತದೆ. ಎತ್ತರ ಒಂದು ಕಡೆ ಒಂದೊಂದು ಥರ ಬರುತ್ತದೆ, ವರ್ಷ ಕಳೆಯುವುದರೊಳಗೆ ಬುಷ್ ಹರಿಯುತ್ತದೆ. ಸರಿಯಾದ ಕ್ರಮ: ಬೋಲ್ಟ್ ಕೈಬಿಗಿ ಬಿಟ್ಟು, ಚಕ್ರ ಹಾಕಿ, ಕಾರನ್ನು ನಾಲ್ಕು ಚಕ್ರದ ರ‍್ಯಾಂಪ್ ಮೇಲೆ ನಿಲ್ಲಿಸಿ, ಎರಡು ಸಲ ಒತ್ತಿ ಕುಣಿಸಿ, ಆಮೇಲೆ ಸರ್ವೀಸ್ ಮ್ಯಾನುಯಲ್ ಟಾರ್ಕ್‌ಗೆ ಬಿಗಿಯುವುದು. ಸ್ಪ್ರಿಂಗ್ ಬದಲಿಸುವಾಗ ಬೀಮ್‌ನ ಮುಂದಿನ ಬೋಲ್ಟ್ ಮತ್ತು ಆರ್ಮ್ ಬೋಲ್ಟ್ ಬಿಚ್ಚುವ ಅಗತ್ಯವಿರಲಿಲ್ಲ ಎಂದು ಗ್ಯಾರೇಜಿನವರು ಹೇಳಬಹುದು. ಎತ್ತರ ಬದಲಾಗಿರುವುದರಿಂದ ಅವನ್ನೂ ಸಡಿಲಿಸಿ ಮತ್ತೆ ಬಿಗಿಸಿ. ಚಕ್ರದ ನಟ್ 108 ನ್ಯೂಟನ್ ಮೀಟರ್.

ಮತ್ತೆ ಅಳೆಯಿರಿ. ಫೆಂಡರ್ ಅಳತೆ 380 ಇದ್ದದ್ದು 352 ಆಗಿದ್ದರೆ 28 ಇಳಿದಿದೆ. ಎಡಬಲ ವ್ಯತ್ಯಾಸ 5 ಮಿ.ಮೀ. ದಾಟಿದರೆ ಯಾವುದೋ ಸ್ಪ್ರಿಂಗ್ ಸೀಟಿನಲ್ಲಿ ಕೂತಿಲ್ಲ ಅಥವಾ ಬುಷ್ ತಿರುಚಿದೆ. ಹೆಡ್‌ಲೈಟ್ ಮಟ್ಟ ಸರಿಪಡಿಸಿಕೊಳ್ಳಿ. 150-200 ಕಿ.ಮೀ. ಓಡಿಸಿ ಸ್ಪ್ರಿಂಗ್ ಕೂತ ಮೇಲೆ ಅಲೈನ್‌ಮೆಂಟ್. ಅಷ್ಟರೊಳಗೆ ಕಾರು ಒಂದು ಕಡೆ ಎಳೆದರೆ ಕಾಯಬೇಡಿ, ಅವತ್ತೇ ಮಾಡಿಸಿ.

ಪ್ರಶ್ನೆ: ಹಳೇ ಸ್ಪ್ರಿಂಗನ್ನೇ ಒಂದೂವರೆ ಸುತ್ತು ಕತ್ತರಿಸಿಕೊಡುತ್ತೇನೆ, ಅದೇ ಫಲ ಸಿಗುತ್ತದೆ ಎನ್ನುತ್ತಾರೆ ನಮ್ಮೂರಿನ ಮೆಕ್ಯಾನಿಕ್. ನಿಜವೇ?
ಓದುಗರು, ಶಿವಮೊಗ್ಗ

ಉತ್ತರ: ಗಟ್ಟಿಯಾಗುವುದು ನಿಜ. ಕೆಲಸ ಮಾಡುವ ಸುತ್ತು 6 ಇದ್ದದ್ದು ನಾಲ್ಕೂವರೆ ಆದರೆ ಸ್ಪ್ರಿಂಗ್ ಮೂರನೇ ಒಂದು ಭಾಗ ಗಟ್ಟಿಯಾಗುತ್ತದೆ. ಆದರೆ ಉದ್ದವೂ ಹೋಗುತ್ತದೆ. ಚಕ್ರ ಗುಂಡಿಗೆ ಇಳಿದು ಶಾಕ್ ಪೂರ್ತಿ ಚಾಚಿದಾಗ ಸ್ಪ್ರಿಂಗ್ ಸೀಟಿನಿಂದ ಬಿಟ್ಟುಬರುತ್ತದೆ, ವಾಪಸ್ ಕೂರುವಾಗ ಎಲ್ಲೋ ಕೂರುತ್ತದೆ. ಸೀಟಿಗೆ ಹೊಂದುವಂತೆ ಬಗ್ಗಿಸಿದ್ದ ತುದಿಯೂ ಕತ್ತರಿಸಿಹೋಗಿರುತ್ತದೆ. ಗ್ಯಾಸ್ ಕಟರ್‌ನಲ್ಲಿ ಕತ್ತರಿಸಿದರೆ ಆ ಜಾಗದ ಉಕ್ಕಿನ ಹದ ಕೆಟ್ಟು ಅಲ್ಲಿಂದಲೇ ಮುರಿಯುತ್ತದೆ. ಮಲೆನಾಡಿನ ಘಾಟಿಯಲ್ಲಿ ಮುರಿದ ತುದಿ ಟೈರ್ ಸೀಳುವುದನ್ನು ಊಹಿಸಿಕೊಳ್ಳಿ. ಬೇಡ.

ಕಂಪನಿಯ ಲೋವರಿಂಗ್ ಸ್ಪ್ರಿಂಗಿಗೂ ಇದೇ ಪರೀಕ್ಷೆ ಮಾಡಿ: ಕಾರು ಎತ್ತಿ ಚಕ್ರ ಪೂರ್ತಿ ನೇತಾಡುವಾಗ ಸ್ಪ್ರಿಂಗನ್ನು ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಆ ಶಾಕ್‌ಗೆ ಅದು ಗಿಡ್ಡವಾಯಿತು.

ಪ್ರಶ್ನೆ: ಸ್ಪ್ರಿಂಗ್ ಹಾಕಿಸಿದ ಮೇಲೆ ನಿಂತಲ್ಲೇ ಸ್ಟೀರಿಂಗ್ ತಿರುಗಿಸಿದರೆ ಬಲಗಡೆ ‘ಟಂಗ್’ ಎಂದು ಸದ್ದು. ರಸ್ತೆಯಲ್ಲಿ ಇಲ್ಲ. ಲಿಂಕ್ ರಾಡ್ ಬದಲಿಸಿದೆವು, ಹೋಗಲಿಲ್ಲ.
ಎಂ.ಬಿ., ಹುಬ್ಬಳ್ಳಿ

ಉತ್ತರ: ಲಿಂಕ್ ರಾಡ್ ಸದ್ದು ಮಾಡುವುದು ಸಣ್ಣ ಕಲ್ಲು, ಒರಟು ರಸ್ತೆಯ ಮೇಲೆ. ನಿಮ್ಮದು ಸ್ಪ್ರಿಂಗ್ ಸುರುಳಿ ತಿರುಚಿಕೊಂಡು ಒಮ್ಮೆಲೇ ಬಿಟ್ಟುಕೊಳ್ಳುವ ಸದ್ದು. ಒಬ್ಬರು ಸ್ಟೀರಿಂಗ್ ತಿರುಗಿಸಲಿ, ಇನ್ನೊಬ್ಬರು ಸುರುಳಿಯ ಹೊರಮೈಗೆ ಎರಡು ಬೆರಳು ಹಗುರಾಗಿ ತಾಗಿಸಿರಲಿ, ಸುರುಳಿಗಳ ನಡುವೆ ಮಾತ್ರ ಬೆರಳು ಹಾಕಬಾರದು. ಸದ್ದಿನ ಜೊತೆ ಸ್ಪ್ರಿಂಗ್ ಬೆರಳಿಗೆ ಹೊಡೆದರೆ ಖಾತರಿ. ಕಾರಣ ಮೂರರಲ್ಲಿ ಒಂದು. ಹಳೇ ಬೇರಿಂಗ್ ಹಾಕಿ ಅದು ಜಾಮ್ ಆಗಿರಬಹುದು. ಸ್ಪ್ರಿಂಗಿನ ಕೆಳತುದಿ ಸೀಟಿನ ಮೆಟ್ಟಿಲಿಗೆ ಆತುಕೊಳ್ಳದೆ ಮೇಲೆ ಹತ್ತಿ ಕೂತಿರಬಹುದು. ತುದಿಯಿಂದ ಮೆಟ್ಟಿಲಿಗೆ ಒಂದು ಸೆಂ.ಮೀ. ಒಳಗೇ ಇರಬೇಕು. ಇಲ್ಲವೇ ಬೇರಿಂಗನ್ನೇ ತಲೆಕೆಳಗು ಹಾಕಿರಬಹುದು, ಇದು ನಾವಂದುಕೊಳ್ಳುವುದಕ್ಕಿಂತ ಹೆಚ್ಚು ನಡೆಯುತ್ತದೆ. ಸ್ಪ್ರಿಂಗ್ ಮೇಲಿನ ಅಕ್ಷರ ನೆಟ್ಟಗೆ ಓದಲು ಬರುತ್ತಿದೆಯೇ ಎಂದೂ ನೋಡಿ. ಅಕ್ಷರ ತಲೆಕೆಳಗಿದ್ದರೆ ಸ್ಪ್ರಿಂಗೂ ತಲೆಕೆಳಗೇ. ಕಾರಣ ಯಾವುದೇ ಆದರೂ ಸ್ಟ್ರಟ್ ಮತ್ತೆ ಹೊರಗೆ ಬರಬೇಕು. ಗ್ರೀಸ್ ಸ್ಪ್ರೇ ಹೊಡೆದು ಕಳಿಸಿದರೆ ಒಂದು ಮಳೆಯವರೆಗೆ ಸದ್ದು ನಿಲ್ಲುತ್ತದೆ ಅಷ್ಟೆ.

ಪ್ರಶ್ನೆ: ತಗ್ಗಿಸಿ 8,000 ಕಿ.ಮೀ.ಗೆ ಮುಂದಿನ ಎರಡೂ ಟೈರ್‌ಗಳ ಒಳ ಅಂಚು ಸವೆದುಹೋಯಿತು. ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರದ ವಾಲಿಕೆ) ಹೋಗಿದೆ, ಏನೂ ಮಾಡಲಾಗದು ಎಂದರು.
ಓದುಗರು, ಮಂಗಳೂರು

ಉತ್ತರ: ಬೈಸಿಕೊಳ್ಳುವುದು ಕ್ಯಾಂಬರ್, ಟೈರ್ ತಿನ್ನುವುದು ಬಹುಪಾಲು ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ. 30 ಮಿ.ಮೀ. ತಗ್ಗಿಸಿದಾಗ ಕ್ಯಾಂಬರ್ ಸಾಮಾನ್ಯವಾಗಿ ಅರ್ಧ ಡಿಗ್ರಿಯ ಆಸುಪಾಸು ಬದಲಾಗುತ್ತದೆ, ಅಷ್ಟಕ್ಕೇ ಟೈರ್ ಇಷ್ಟು ಬೇಗ ಹೋಗುವುದಿಲ್ಲ. ಅದೇ ಟೋ ಒಂದು ಚಕ್ರಕ್ಕೆ 0.2 ಡಿಗ್ರಿ ತಪ್ಪಿದರೆ ಟೈರ್ ಪ್ರತಿ ಕಿಲೋಮೀಟರಿಗೆ ಮೂರೂವರೆ ಮೀಟರ್ ಅಡ್ಡಕ್ಕೆ ಉಜ್ಜಿಕೊಂಡು ಹೋಗುತ್ತದೆ. ನಿಮ್ಮ 8,000 ಕಿ.ಮೀ.ಗೆ 28 ಕಿ.ಮೀ. ಬರೀ ಉಜ್ಜಾಟ. ಟೈರ್ ಮೇಲೆ ಅಂಗೈಯನ್ನು ಅಡ್ಡಲಾಗಿ ಎಳೆದು ನೋಡಿ: ಒಂದು ದಿಕ್ಕಿಗೆ ನುಣುಪು, ವಾಪಸ್ ಬರುವಾಗ ಗರಗಸದಂತೆ ಚುಚ್ಚಿದರೆ ಟೋ. ಎರಡೂ ಕಡೆ ನುಣುಪಾಗಿ ಒಳಕ್ಕೆ ಇಳಿಜಾರಾಗಿದ್ದರೆ ಕ್ಯಾಂಬರ್.

ಟೋ ಟೈ ರಾಡ್‌ನಲ್ಲಿ ಸರಿಯಾಗುತ್ತದೆ. ಕ್ಯಾಂಬರ್ ಕೂಡ ‘ಏನೂ ಮಾಡಲಾಗದು’ ಎನ್ನುವಂಥದ್ದಲ್ಲ. ಎರಡು ಬೋಲ್ಟ್‌ನಲ್ಲಿ ನಕಲ್ ಹಿಡಿದಿರುವ ಸ್ಟ್ರಟ್‌ಗಳಿಗೆ ಒಂದು ಬೋಲ್ಟ್ ಬದಲು ಕ್ಯಾಂಬರ್ ಬೋಲ್ಟ್ ಹಾಕಿ ಒಂದು ಡಿಗ್ರಿಯಷ್ಟು ಸರಿಪಡಿಸಬಹುದು. ಮೊದಲು ಕ್ಯಾಂಬರ್, ಆಮೇಲೆ ಟೋ, ಏಕೆಂದರೆ ಕ್ಯಾಂಬರ್ ಮುಟ್ಟಿದರೆ ಟೋ ಮತ್ತೆ ಅಲುಗುತ್ತದೆ. ಮುಂಚಿನ ಮತ್ತು ನಂತರದ ಎರಡೂ ಅಲೈನ್‌ಮೆಂಟ್ ಪ್ರಿಂಟ್ ಕೇಳಿ ತೆಗೆದುಕೊಳ್ಳಿ. ಕೊಡದ ಅಂಗಡಿಗೆ ಮತ್ತೆ ಹೋಗಬೇಡಿ.

ಪ್ರಶ್ನೆ: ಆರ್‌ಟಿಒ, ಇನ್ಶೂರೆನ್ಸ್ ತೊಂದರೆ ಬರುತ್ತದೆಯೇ?
ಕೆ.ಎನ್., ಮೈಸೂರು

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡನ್ನು ನಿಷೇಧಿಸುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಓದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕರಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಜರ್ಮನಿಯಲ್ಲಿ ಪ್ರಮಾಣಪತ್ರವಿರುವ ಸ್ಪ್ರಿಂಗ್ ಹಾಕಿಸಿ, ತಪಾಸಣೆ ಮಾಡಿಸಿ ದಾಖಲೆಗೆ ಸೇರಿಸಿಕೊಳ್ಳುವ ದಾರಿಯಿದೆ. ನಮ್ಮಲ್ಲಿ ಅಷ್ಟು ಸಲೀಸಾದ ವ್ಯವಸ್ಥೆ ಇಲ್ಲ. ಹಾಗಾಗಿ ಹಾಕಿಸುವ ಮುಂಚೆಯೇ ಆರ್‌ಟಿಒದಲ್ಲಿ ವಿಚಾರಿಸಿ, ಇನ್ಶೂರೆನ್ಸ್ ಕಂಪನಿಗೆ ಬರಹದಲ್ಲಿ ತಿಳಿಸಿ ಉತ್ತರ ಇಟ್ಟುಕೊಳ್ಳಿ. ವಾರಂಟಿ ಇರುವ ಕಾರಿನಲ್ಲಿ ಸಸ್ಪೆನ್ಷನ್ ಕ್ಲೇಮ್ ಕೈಬಿಟ್ಟಂತೆಯೇ. ಹಳೇ ಸ್ಪ್ರಿಂಗುಗಳಿಗೆ ಎಡ, ಬಲ ಎಂದು ಚೀಟಿ ಕಟ್ಟಿ ಜೋಪಾನ ಮಾಡಿ. ಕಾರು ಮಾರುವಾಗ ಅವು ಬೇಕಾಗುತ್ತವೆ.

ಪ್ರಶ್ನೆ: ಐದು ಜನ, ಡಿಕ್ಕಿ ತುಂಬ ಲಗೇಜ್ ಹಾಕಿ ಊರಿಗೆ ಹೋಗುವಾಗ ಹಿಂಭಾಗ ಕೂರುತ್ತದೆ. ಲೋವರಿಂಗ್ ಸ್ಪ್ರಿಂಗಿನ ಸುರುಳಿಗಳ ನಡುವೆ ಬಫರ್ ರಬ್ಬರ್ ತುರುಕಿದರೆ ಆದೀತೇ?
ಓದುಗರು, ಹಾಸನ

ಉತ್ತರ: ಆಗದು. ಲೋವರಿಂಗ್ ಸ್ಪ್ರಿಂಗಿನ ಸುರುಳಿಗಳು ಮೊದಲೇ ಹತ್ತಿರ ಹತ್ತಿರ ಇರುತ್ತವೆ. ರಬ್ಬರ್ ಒಂದೆರಡು ಸುರುಳಿಯನ್ನು ಕೆಲಸದಿಂದಲೇ ತೆಗೆದುಹಾಕಿ ಉಳಿದವುಗಳ ಮೇಲೆ ಭಾರ ಹಾಕುತ್ತದೆ, ರಬ್ಬರಿನ ಅಂಚಿನಲ್ಲಿ ಪೇಂಟ್ ಉಜ್ಜಿಹೋಗಿ ತುಕ್ಕು ಹಿಡಿಯುತ್ತದೆ, ಸ್ಪ್ರಿಂಗ್ ಅಲ್ಲೇ ಮುರಿಯುತ್ತದೆ. ತಿಂಗಳಿಗೆರಡು ಸಲ ತುಂಬಿದ ಕಾರಿನಲ್ಲಿ ಹೋಗುವವರು ಲೋವರಿಂಗ್ ಸ್ಪ್ರಿಂಗಿನ ಸಹವಾಸಕ್ಕೇ ಹೋಗಬೇಡಿ, ಹಿಂದಿನ ಶಾಕ್ ಎರಡನ್ನೂ ಹೊಸದು ಹಾಕಿಸಿ, ಟೈರ್ ಗಾಳಿಯನ್ನು ಡೋರ್ ಪಕ್ಕದ ಚೀಟಿಯಲ್ಲಿರುವ ಫುಲ್ ಲೋಡ್ ಅಂಕಿಗೆ ಏರಿಸಿಕೊಳ್ಳಿ.